ಹಗ್ಗ ಹಿಡಿದವರ ಉಸಿರು

"ಗುರುಗಳೇ, ಪದ್ಯ ಹೇಳುವಾಗ ಎಲ್ಲಿ ನಿಲ್ಲಬೇಕು?" ಎಂದು ಶಿಷ್ಯ ಕೇಳಿದ.

ಅವನ ಹೆಸರು ಮುದ್ದಯ್ಯ. ಮೂರು ವರ್ಷದಿಂದ ಗುರುಗಳ ಬಳಿ ಪದ್ಯ ಕಟ್ಟುವುದನ್ನೂ ಹೇಳುವುದನ್ನೂ ಕಲಿಯುತ್ತಿದ್ದ. ಮಾತ್ರೆ ಎಣಿಸಲು ಬರುತ್ತಿತ್ತು, ಪ್ರಾಸ ಹೊಂದಿಸಲು ಬರುತ್ತಿತ್ತು, ಕಂಠವಂತೂ ದೇವರು ಕೊಟ್ಟದ್ದು. ಆದರೂ ಹಿಂದಿನ ಹುಣ್ಣಿಮೆಯ ಸಭೆಯಲ್ಲಿ ಅವನು ಪದ್ಯ ಹೇಳಿದಾಗ ಜನ ಒಮ್ಮೆ ಭೇಷ್ ಎಂದು, ಆಮೇಲೆ ಪಕ್ಕದವರೊಡನೆ ಮಾತಿಗಿಳಿದಿದ್ದರು. ಅದು ಅವನನ್ನು ಒಳಗೇ ಕೊರೆಯುತ್ತಿತ್ತು. ನಾಳೆ ಮತ್ತೆ ಸಭೆ. ಈ ಸಲವೂ ಹಾಗೇ ಆದರೆ ಇನ್ನು ಸಭೆಯಲ್ಲಿ ಬಾಯಿ ತೆರೆಯುವುದೇ ಇಲ್ಲ ಎಂದು ತೀರ್ಮಾನಿಸಿಕೊಂಡಿದ್ದ. ಅದಕ್ಕೇ ಪದ್ಯ ಬರೆದ ಹಾಳೆಯನ್ನು ತಂದು ಮುಂದಿಟ್ಟು, ಎಲ್ಲೆಲ್ಲಿ ನಿಲ್ಲಬೇಕೋ ಅಲ್ಲಲ್ಲಿ ಗೀಟು ಹಾಕಿಕೊಡಿ ಎಂದ.

ಗುರುಗಳು ಹಾಳೆಯನ್ನು ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನ ಕೆರೆಯ ತೂಬು ಒಡೆದಿತ್ತು. ಮಳೆಗಾಲಕ್ಕೆ ಮೊದಲು ಅಲ್ಲಿ ಹೊಸ ಕಲ್ಲು ಕೂರಿಸಬೇಕು, ಇಲ್ಲದಿದ್ದರೆ ಬಂದ ನೀರೆಲ್ಲ ಹರಿದುಹೋಗುತ್ತದೆ. ಗುಡ್ಡದಲ್ಲಿ ಕಡಿದ ಕಲ್ಲನ್ನು ನಲವತ್ತು ಜನ ಹಗ್ಗ ಕಟ್ಟಿ ಎಳೆದು ತರುತ್ತಿದ್ದರು. ದಾರಿಯಲ್ಲಿ ಒಂದು ದೊಡ್ಡ ದಿಣ್ಣೆ. ಅದನ್ನು ಹತ್ತಿಸುವುದೇ ಕಷ್ಟದ ಕೆಲಸ.

ಎಳೆಯುವವರಿಗೆ ಪದ ಹೇಳಲು ಒಬ್ಬ ಮುದುಕನಿದ್ದ. ದನಿ ಒಡಕು, ಪದದಲ್ಲೂ ಹೇಳಿಕೊಳ್ಳುವಂಥದ್ದೇನೂ ಇಲ್ಲ. 'ಬಂತು ಬಂತು' ಎನ್ನುತ್ತಿದ್ದ, ನಲವತ್ತು ಜನ 'ಐಸಾ' ಎಂದು ಎಳೆಯುತ್ತಿದ್ದರು. 'ಇನ್ನೊಂದು ಗೇಣು' ಎನ್ನುತ್ತಿದ್ದ, ಮತ್ತೆ 'ಐಸಾ'. ಪ್ರತಿ ಸಲವೂ ಕಲ್ಲು ಗೇಣಷ್ಟು ಮೇಲೇರುತ್ತಿತ್ತು. ಅದು ಹಿಂದಕ್ಕೆ ಜಾರದಂತೆ, ಹಿಂದೆ ಕೂತ ಒಬ್ಬ ಆ ಕ್ಷಣದಲ್ಲೇ ಕಲ್ಲಿನಡಿಗೆ ಮರದ ತುಂಡು ತಳ್ಳಿ ಕೈ ಎಳೆದುಕೊಳ್ಳುತ್ತಿದ್ದ. ಅವನು ಕಲ್ಲನ್ನು ನೋಡಿ ಕೈ ಹಾಕುತ್ತಿರಲಿಲ್ಲ, ಪದವನ್ನು ಕೇಳಿ ಹಾಕುತ್ತಿದ್ದ.

ದಿಣ್ಣೆಯ ಬುಡಕ್ಕೆ ಬರುವಷ್ಟರಲ್ಲಿ ಮುದುಕನಿಗೆ ಜ್ವರ ಹಿಡಿಯಿತು. ತುಂಡು ಇಡುವವನಿಗೆ ಒಬ್ಬ ತಮ್ಮನಿದ್ದ. ಒಳ್ಳೆಯ ಹಾಡುಗಾರ, ಮದುವೆಮನೆಗಳಲ್ಲಿ ಅವನ ಪದ ಕೇಳಲೆಂದೇ ಜನ ಕಾಯುತ್ತಿದ್ದರು. ಅಣ್ಣನೇ ಹೋಗಿ ಅವನನ್ನು ಕರೆತಂದ. ನನ್ನ ತಮ್ಮ ಬಾಯಿ ಬಿಟ್ಟರೆ ಕಲ್ಲು ತಾನಾಗಿಯೇ ನಡೆಯುತ್ತದೆ ಎಂದು ಎಲ್ಲರೆದುರು ಹೆಮ್ಮೆಪಟ್ಟ.

ಮೊದಲ ದಿನ ತಮ್ಮ ಮುದುಕನ ಅಳತೆಯಲ್ಲೇ ಪದ ಹೇಳಿದ. ಕಲ್ಲು ಚೆನ್ನಾಗಿಯೇ ನಡೆಯಿತು. ದಿಣ್ಣೆಯ ಉದ್ದಕ್ಕೂ ಒಂದು ಪಕ್ಕದಲ್ಲಿ ಹೊಂಗೆಮರಗಳ ಸಾಲಿತ್ತು. ಕಲ್ಲು ನೋಡಲು ಬಂದ ಊರವರು ಅದರ ನೆರಳಲ್ಲಿ ನಿಂತಿದ್ದರು. ಎಂಥ ಕಂಠ ಎಂದು ಅವರಲ್ಲಿ ಯಾರೋ ಅಂದದ್ದು ತಮ್ಮನ ಕಿವಿಗೆ ಬಿತ್ತು. ಬಿದ್ದದ್ದು ಕಿವಿಗಾದರೂ ಏರಿದ್ದು ತಲೆಗೆ. ಮನೆಗೆ ಹೋದವನೇ ಹೊಸದೊಂದು ಪದ ಕಟ್ಟಿದ. ಈ ಕಲ್ಲು ಗುಡ್ಡದ ಮಗಳು, ಈಗ ಕೆರೆಯ ಮನೆಗೆ ಸೊಸೆಯಾಗಿ ಹೊರಟಿದ್ದಾಳೆ, ನಲವತ್ತು ಜನ ಅಣ್ಣಂದಿರು ಅವಳನ್ನು ಕಳಿಸಿಕೊಡಲು ಬಂದಿದ್ದಾರೆ ಎಂಬ ಪದ. ಪದ ನಿಜವಾಗಿಯೂ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ.

ಮರುದಿನ ಅವನು ಎಳೆಯುವವರಿಗೆ ಬೆನ್ನು ಹಾಕಿ, ನೆರಳಿನ ಕಡೆಗೆ ತಿರುಗಿ ನಿಂತು ಪದ ಎತ್ತಿದ. ನೆರಳಲ್ಲಿದ್ದವರು ತಲೆದೂಗಿದರು. ಅವರು ತಲೆದೂಗುವುದನ್ನು ಕಂಡು ಇವನು ಸೊಸೆ ಎಂಬ ಮಾತನ್ನು ಇನ್ನಷ್ಟು ಎಳೆದ. ಹಗ್ಗ ಹಿಡಿದವರು ಉಸಿರು ಕಟ್ಟಿ ಕಾದರು. ಸಾಲು ಮುಗಿಯಲಿಲ್ಲ. ತಡೆಯಲಾರದೆ ಅರ್ಧ ಜನ ಎಳೆದರು, ಇನ್ನರ್ಧ ಜನ ಕಾಯುತ್ತಲೇ ಇದ್ದರು. ಕಲ್ಲು ಏರಿದಂತೆ ಮಾಡಿ ಹಿಂದಕ್ಕೆ ಜಾರಿತು. ಅಣ್ಣ ವಾಡಿಕೆಯಂತೆ ಕೈ ಹಾಕಿದ್ದ. ಎರಡು ಬೆರಳು ಹೋದವು.

ತಮ್ಮ ಮೂರು ದಿನ ಸರಿಯಾಗಿ ಅನ್ನ ಮುಟ್ಟಲಿಲ್ಲ. ಅಣ್ಣನ ಮುಖ ನೋಡುವ ಧೈರ್ಯವೂ ಅವನಿಗಿರಲಿಲ್ಲ. ನಾಲ್ಕನೆಯ ದಿನ ಅಣ್ಣನೇ ಬಟ್ಟೆ ಸುತ್ತಿದ ಕೈಯೊಡನೆ ಬಂದು ಅವನ ಪಕ್ಕದಲ್ಲಿ ಕೂತ. ಇನ್ನು ಈ ಜನ್ಮದಲ್ಲಿ ಪದ ಹೇಳುವುದಿಲ್ಲ ಎಂದು ತಮ್ಮ ಹೇಳಿದ.

"ನಿನ್ನ ಪದ ಚೆನ್ನಾಗಿತ್ತು ಕಣೋ. ಆದರೆ ನಾವು ಎಲ್ಲಿ ಉಸಿರು ತಗೋತೀವಿ ಅಂತ ಅದಕ್ಕೆ ಗೊತ್ತಿರಲಿಲ್ಲ" ಎಂದ ಅಣ್ಣ.

ಅಣ್ಣ ಬೈದಿದ್ದರೆ ತಮ್ಮನಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ತಮ್ಮ ಎದ್ದು ಹೋಗಿ ಹಗ್ಗದ ಕೊನೆಯಲ್ಲಿ ಎಲ್ಲರ ಹಿಂದೆ ನಿಂತು ಎಳೆಯತೊಡಗಿದ. ಜ್ವರ ಬಿಟ್ಟ ಮುದುಕ ಮತ್ತೆ ಪದ ಹೇಳುತ್ತಿದ್ದ. ಅದೇ 'ಬಂತು ಬಂತು'. ಬೋಳು ಎನಿಸಿದ್ದ ಆ ಮಾತು, ಅಂಗೈ ಸುಲಿದ ಮೇಲೆ ತಮ್ಮನಿಗೆ ಬೇರೆಯಾಗಿ ಕೇಳಿಸಿತು. ಭುಜ ಬಿಗಿಯುವ ಹೊತ್ತಿಗೆ ಸರಿಯಾಗಿ ಮಾತು ಮುಗಿಯುತ್ತಿತ್ತು. ಎಳೆದವರ ಎದೆ ಮತ್ತೆ ತುಂಬುವವರೆಗೆ ಮುದುಕ ಸುಮ್ಮನಿರುತ್ತಿದ್ದ. ಹಾಗೆ ಸುಮ್ಮನಿರುವುದೂ ಪದವೇ ಎಂದು ತಮ್ಮನಿಗೆ ಹೊಳೆದದ್ದು ಆಗ.

ದಿಣ್ಣೆಯ ನೆತ್ತಿಗೆ ಇನ್ನು ಇಪ್ಪತ್ತು ಮೊಳ ಇದೆ ಎನ್ನುವಾಗ ಕಲ್ಲು ನಿಂತುಬಿಟ್ಟಿತು. ಅಲ್ಲಿ ಏರು ಕಡಿದಾಗಿತ್ತು. ನಲವತ್ತು ಜನರ ಬಲ ಸಾಲಲಿಲ್ಲ. ಕೂಗಿ ಕೂಗಿ ಮುದುಕನ ದನಿಯೂ ಕಟ್ಟಿತು. ಮೇಲೆ ಮೋಡ ಕವಿಯತೊಡಗಿತ್ತು. ಮುದುಕ ತಮ್ಮನ ಕಡೆ ನೋಡಿದ. ತಮ್ಮ ಅಣ್ಣನ ಕಡೆ ನೋಡಿದ. ಅಣ್ಣ ಮರದ ತುಂಡನ್ನು ಉಳಿದ ಬೆರಳುಗಳಲ್ಲಿ ಹಿಡಿದುಕೊಂಡು ಹೋಗಿ ಕಲ್ಲಿನ ಹಿಂದೆ ತನ್ನ ಜಾಗದಲ್ಲಿ ಕೂತ.

ಈ ಸಲ ತಮ್ಮ ನೆರಳಿಗೆ ಬೆನ್ನು ಹಾಕಿ, ಎಳೆಯುವವರ ಭುಜಗಳು ಕಾಣುವಂತೆ ನಿಂತ. ಹೇಳಿದ್ದು ಅದೇ ಪದ. ಆದರೆ ಒಂದು ಸಾಲನ್ನು ಮೂರಾಗಿ ಮುರಿದಿದ್ದ. 'ಗುಡ್ಡದ ಮಗಳು' ಎಂದು ನಿಲ್ಲಿಸಿದ. ಭುಜಗಳು ಬಿಗಿದವು. ಐಸಾ. 'ಕೆರೆಗೆ ಸೊಸೆಯು' ಎಂದು ನಿಲ್ಲಿಸಿದ. ಐಸಾ. 'ಕಳಿಸಿ ಕೊಡಿರೋ' ಎಂದ. ಮಿಕ್ಕ ಮಾತುಗಳನ್ನು ಬಿಟ್ಟೇಬಿಟ್ಟ. ಅವು ಇಲ್ಲದೆಯೂ ಎಲ್ಲರಿಗೂ ತಿಳಿಯಿತು. ಹಗ್ಗ ಹಿಡಿದವರಲ್ಲಿ ತಂಗಿಯರನ್ನು ಮದುವೆ ಮಾಡಿ ಕಳಿಸಿದವರಿದ್ದರು. ಅವರ ಕಣ್ಣು ತುಂಬಿತು, ಹಿಡಿತ ಬಿಗಿಯಾಯಿತು. ಕಲ್ಲು ಅಲುಗಿತು, ಆಮೇಲೆ ಗೇಣು ಗೇಣಾಗಿ ಏರಿತು. ಪ್ರತಿ ಸಲವೂ ತಮ್ಮ ಒಂದೇ ಒಂದು ಸದ್ದಿಗೆ ಕಾಯುತ್ತಿದ್ದ. ಅಣ್ಣ ಇಟ್ಟ ಮರದ ತುಂಡು ಕಲ್ಲಿಗೆ ತಾಗುವ ಸದ್ದು. ಅದು ಕೇಳಿಸಿದ ಮೇಲೆಯೇ ಮುಂದಿನ ಮಾತು. ಹೊತ್ತು ಇಳಿಯುವ ಮೊದಲೇ ಕಲ್ಲು ದಿಣ್ಣೆ ದಾಟಿತು. ಅಣ್ಣ ಎದ್ದು ಬಂದು ತನ್ನ ಕೈಯನ್ನು ತಮ್ಮನ ಹೆಗಲ ಮೇಲಿಟ್ಟ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಮುದ್ದಯ್ಯ ಇನ್ನೂ ಏನೋ ಇದೆ ಎಂದು ಕಾದ. ಅವನ ಮನಸ್ಸು ನಾಳಿನ ಸಭೆಯಲ್ಲೇ ಇತ್ತು. ಕೊನೆಗೆ ಕೇಳದೆ ಇರಲಾಗಲಿಲ್ಲ.

"ಈ ಸಲದ ಪದ ಕೇಳಿ ನೆರಳಲ್ಲಿ ನಿಂತವರು ಏನೆಂದರು ಗುರುಗಳೇ? ಭೇಷ್ ಎಂದರೇ?"

ಗುರುಗಳು ಗೀಟು ಬೀಳದ ಹಾಳೆಯನ್ನು ಅವನ ಕಡೆಗೆ ಸರಿಸಿದರು.

"ನೆರಳಲ್ಲಿ ಆಗ ಯಾರೂ ಉಳಿದಿರಲಿಲ್ಲ ಮುದ್ದಯ್ಯ, ಎಲ್ಲರ ಕೈಯಲ್ಲೂ ಹಗ್ಗವಿತ್ತು."