ಕಲ್ಲೆಣಿಸಿದ ಬೋರವ್ವ

ಬಹಳ ಹಿಂದೆ, ನಮ್ಮಜ್ಜಿಗೆ ಅವಳಜ್ಜಿ ಹೇಳಿದ ಕಾಲಕ್ಕೂ ಹಿಂದೆ, ಸಾವಿರಗುಂಡಿನ ಗುಡ್ಡದ ಬುಡದಲ್ಲಿ ಒಂದು ಊರಿತ್ತಂತೆ. ಜಾಲಿಹಟ್ಟಿ ಅಂತ ಹೆಸರು. ಆ ಊರಿನಲ್ಲಿ ಬೋರವ್ವ ಅಂತ ಒಬ್ಬ ಕುರಿ ಕಾಯುವ ಹೆಂಗಸಿದ್ದಳಂತೆ. ಏಳಡಿ ಎತ್ತರವಿದ್ದಳು ಅನ್ನುವವರಿದ್ದಾರೆ. ಒಂದೇ ನೆಗೆತಕ್ಕೆ ಎರಡು ಗುಂಡುಬಂಡೆ ದಾಟುತ್ತಿದ್ದಳು ಅನ್ನುವವರೂ ಇದ್ದಾರೆ. ಅಷ್ಟು ದೂರ ನಾನು ಹೋಗುವುದಿಲ್ಲ. ನಮ್ಮಜ್ಜಿ ಹೇಳಿದ್ದಷ್ಟನ್ನೇ ಹೇಳುತ್ತೇನೆ, ಅದರಲ್ಲಿ ಸುಳ್ಳಿದ್ದರೆ ಪಾಪ ನಮ್ಮಜ್ಜಿಯ ತಲೆಗೆ.

ಬೋರವ್ವನಿಗೆ ಓದು ಬರಹ ಇಲ್ಲ, ಇಪ್ಪತ್ತರ ಮೇಲೆ ಎಣಿಸಲೂ ಬರುತ್ತಿರಲಿಲ್ಲವಂತೆ. ಆದರೆ ಒಂದು ಕುರಿಯನ್ನೂ ಕಳೆದವಳಲ್ಲ. ಬೆಳಿಗ್ಗೆ ಹಟ್ಟಿಯ ಬಾಗಿಲಲ್ಲಿ ನಿಂತು, ಹೊರಗೆ ಹೋದ ಒಂದೊಂದು ಕುರಿಗೆ ಒಂದೊಂದು ಕಲ್ಲು ಕಟ್ಟೆಯ ಮೇಲೆ ಇಡುವುದು. ಸಂಜೆ ಒಳಗೆ ಬಂದ ಒಂದೊಂದಕ್ಕೆ ಒಂದೊಂದು ಕಲ್ಲು ತೆಗೆಯುವುದು. ಕಲ್ಲು ಉಳಿದರೆ ಕುರಿ ಗುಡ್ಡದಲ್ಲಿದೆ ಅಂತ ಅರ್ಥ. ಕಲ್ಲು ಉಳಿದ ದಿನ ಅವಳು ಮುದ್ದೆ ಮುಟ್ಟುತ್ತಿರಲಿಲ್ಲವಂತೆ.

ಆ ಕಾಲದಲ್ಲಿ ನಾಡಿಗೆ ಹದಿನೆಂಟು ಸೀಮೆ. ಅರಸನ ಓಲೆ ಒಯ್ಯುವವರನ್ನು ಆರಿಸಲು ಮೂರು ವರ್ಷಕ್ಕೊಮ್ಮೆ ಒಂದು ಪಂದ್ಯ ನಡೆಯುತ್ತಿತ್ತು, ಗುರುತಿನ ಓಟ ಅಂತ. ಸೀಮೆಗೊಬ್ಬರಂತೆ ಓಟಗಾರರು ಬರಬೇಕು. ಅವರು ಎಂದೂ ಕಾಣದ ಗುಡ್ಡವನ್ನು ಅರಮನೆಯವರು ಆರಿಸಿ, ಅದರಲ್ಲಿ ಒಂಬತ್ತು ಕಡೆ ಗುರುತು ಇಡುತ್ತಿದ್ದರು. ಗುಡ್ಡದ ಚಿತ್ರ ಬರೆದ ಬಟ್ಟೆಯೊಂದನ್ನು ಓಟಗಾರನ ಕೈಗೆ ಕೊಡುತ್ತಿದ್ದರು. ಅವನು ಅದನ್ನು ನೋಡಿಕೊಂಡು ಒಂಬತ್ತೂ ಗುರುತು ಹುಡುಕಿ, ಅಲ್ಲಿಟ್ಟ ಮರದ ಅಚ್ಚನ್ನು ಕಾವಿಯಲ್ಲಿ ಅದ್ದಿ, ಬಟ್ಟೆಯ ಮೇಲೆ ಒತ್ತಿಕೊಂಡು ಬರಬೇಕು. ಬೇಗ ಬಂದವನಿಗೆ ನಾಡಮಾಲೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುತ್ತಾರಲ್ಲ, ಈ ಓಟದಲ್ಲಿ ಹದಿನೆಂಟು ಜನಕ್ಕೂ ಹದಿನೆಂಟು ದಾರಿ.

ಆ ಓಟದ ಹೆಸರೆತ್ತಿದರೆ ಬೋರವ್ವನಿಗೆ ಆಗುತ್ತಿರಲಿಲ್ಲ. ಅವಳ ತಮ್ಮ ಚಿತ್ತಯ್ಯ ಹಿಂದೊಮ್ಮೆ ಬೇರೆ ಸೀಮೆಯ ಗುಡ್ಡದಲ್ಲಿ ಓಡಿದ್ದ. ಗೆದ್ದವನು ಬಂದ, ಮಾಲೆ ಬಿತ್ತು, ಡೊಳ್ಳು ಎದ್ದಿತು, ಊಟವಾಯಿತು, ಜನ ಬಂಡಿ ಕಟ್ಟಿಕೊಂಡು ಹೋದರು. ಚಿತ್ತಯ್ಯ ಬಂಡೆಯ ಸಂದಿಗೆ ಬಿದ್ದು ಕಾಲು ಮುರಿದುಕೊಂಡಿದ್ದನಂತೆ. ಕೂಗಿಯೇ ಕೂಗಿದನಂತೆ. ಡೊಳ್ಳಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲವಂತೆ. ಎಣಿಸಿದವರೂ ಯಾರೂ ಇಲ್ಲ. ಮೂರನೆಯ ದಿನ ಹದ್ದು ಸುತ್ತುವುದನ್ನು ನೋಡಿ ಜನ ಹುಡುಕಿಕೊಂಡು ಹೋದರು. ಅಷ್ಟು ಹೊತ್ತಿಗೆ ಮುಗಿದುಹೋಗಿತ್ತು.

ಹೀಗಿರುವಾಗ ಒಂದು ವರ್ಷ ಓಟದ ಸರದಿ ಸಾವಿರಗುಂಡಿನ ಗುಡ್ಡಕ್ಕೇ ಬಂತು. ಅರಮನೆಯ ಪಾರುಪತ್ಯಗಾರ ಅಪ್ರಮೇಯಯ್ಯ ಪಲ್ಲಕ್ಕಿಯಲ್ಲಿ ಬಂದಿಳಿದ. ಕೆಟ್ಟ ಮನುಷ್ಯನೇನಲ್ಲ, ಆದರೆ ಪಂಚಾಂಗ ನೋಡದೆ ಆಕಳಿಸುವವನೂ ಅಲ್ಲ. ಚಿತ್ರ ಬರೆದು ಗುರುತು ಇಡಲು ಗುಡ್ಡದ ಒಳಹೊರಗು ಬಲ್ಲವರು ಯಾರು ಅಂತ ಕೇಳಿದರೆ ಊರಿಗೆ ಊರೇ ಬೋರವ್ವನ ಕಡೆ ಕೈ ತೋರಿಸಿತು. ಅವಳು ಆಗುವುದಿಲ್ಲ ಅಂದಳು. ಅವನು ಅರಸರ ಅಪ್ಪಣೆ ಅಂದ. ಮೂರು ದಿನ ಅವನು ಅವಳ ಹಟ್ಟಿಯ ಮುಂದೆ ಕೂತ, ಮೂರು ದಿನ ಅವಳು ಅವನಿಗೆ ಮಜ್ಜಿಗೆ ಕೊಟ್ಟಳು. ನಾಲ್ಕನೆಯ ದಿನ ಅವಳೇ ಯೋಚಿಸಿದಳಂತೆ. ತಾನು ಒಲ್ಲೆ ಅಂದರೆ ಗುಡ್ಡ ತಿಳಿಯದವರು ಯಾರೋ ಮಾಡುತ್ತಾರೆ, ಇನ್ನೊಬ್ಬಳ ತಮ್ಮ ಸಂದಿಗೆ ಬೀಳುತ್ತಾನೆ. ಆಮೇಲೆ ಒಪ್ಪಿದಳು, ಎರಡು ಕರಾರಿನ ಮೇಲೆ. ದಿನ ಗೊತ್ತು ಮಾಡುವವಳು ತಾನು. ಮತ್ತು ಓಡಲು ಹೋದ ಪ್ರತಿಯೊಬ್ಬನೂ ಕಟ್ಟೆಯ ಮೇಲೆ ಒಂದು ಕಲ್ಲಿಟ್ಟು ಹೋಗಬೇಕು, ಬಂದು ತನ್ನ ಕಲ್ಲು ತಾನೇ ಎತ್ತಬೇಕು. ಕೊನೆಯ ಕಲ್ಲು ಏಳುವ ತನಕ ಮಾಲೆ ಇಲ್ಲ, ಡೊಳ್ಳು ಇಲ್ಲ, ಊಟ ಇಲ್ಲ.

ಕಲ್ಲಿನ ಕರಾರಿಗೆ ಅಪ್ರಮೇಯಯ್ಯ ನಕ್ಕು ಹೂಂ ಅಂದ. ದಿನದ ಮಾತಿಗೆ ಮಾತ್ರ ಕುಣಿದುಬಿಟ್ಟ. ಚೈತ್ರದಲ್ಲಿ ದಿವ್ಯವಾದ ಮುಹೂರ್ತ ತೆಗೆದಿಟ್ಟುಕೊಂಡು ಬಂದಿದ್ದ.

“ಸ್ವಾಮೀ, ನಿಮ್ಮ ಪಂಚಾಂಗ ಮನುಷ್ಯರಿಗೆ ಸರಿಯಾಗೈತೆ,” ಅಂದಳಂತೆ ಬೋರವ್ವ. “ಗುಡ್ಡದ ಪಂಚಾಂಗ ಬ್ಯಾರೆ ಐತೆ.”

ಚೈತ್ರದಲ್ಲಿ ಬಂಡೆ ಹೆಂಚಿನ ಹಾಗೆ ಕಾಯುತ್ತದೆ. ಶ್ರಾವಣದಲ್ಲಿ ಪಾಚಿ ಜಾರುತ್ತದೆ. ಪುಷ್ಯದಲ್ಲಿ ಗವಿಗಳಲ್ಲಿ ಕರಡಿ ಮರಿ ಹಾಕಿರುತ್ತದೆ, ಬಾಣಂತಿಯ ಬಾಗಿಲಿಗೆ ಹದಿನೆಂಟು ಜನ ಗಂಡಸರನ್ನು ಓಡಿಸುವುದು ಮರ್ಯಾದೆಯಲ್ಲ. ಉಳಿದದ್ದು ಕಾರ್ತಿಕ. ಕಾರ್ತಿಕದಲ್ಲಿ ಹುಲ್ಲು ಸೊಂಟಕ್ಕೆ ಬಂದು ಸಂದಿಗಳನ್ನು ಮುಚ್ಚಿಬಿಟ್ಟಿರುತ್ತದೆ. ಅದಕ್ಕೆ ಅವಳು, ಮೊದಲು ಹದಿನೈದು ದಿನ ಕುರಿ ಮೇಯಲಿ, ಸಂದಿಗಳೆಲ್ಲ ಕಣ್ಣಿಗೆ ಬೀಳಲಿ, ಆಮೇಲೆ ಓಡಿ ಅಂದಳು. ಹದಿನೆಂಟು ಸೀಮೆಗೂ ಹಾಗೇ ಓಲೆ ಹೋಯಿತು. ನಾಡಿನ ಪಂದ್ಯಕ್ಕೆ ಮುಹೂರ್ತ ಇಟ್ಟವರು ಕುರಿಗಳು ಅಂತ ಜನ ನಕ್ಕರಂತೆ. ಬೋರವ್ವ ಬೇಸರ ಮಾಡಿಕೊಳ್ಳಲಿಲ್ಲ, ಕುರಿ ತಪ್ಪು ಲಗ್ನ ಇಟ್ಟದ್ದನ್ನು ಯಾರಾದರೂ ಕಂಡಿದ್ದೀರಾ ಅಂತ ಕೇಳಿದಳಂತೆ.

ಕುರಿ ಮೇಯ್ದವು. ಬೋರವ್ವ ಇದ್ದಿಲಿನಿಂದ ಹದಿನೆಂಟು ಬಟ್ಟೆಯ ಮೇಲೆ ಗುಡ್ಡ ಬರೆದಳು, ಒಂದು ಗುಂಡು ಹೆಚ್ಚಿಲ್ಲ, ಒಂದು ಗುಂಡು ಕಡಿಮೆಯಿಲ್ಲವಂತೆ. ಆಮೇಲೆ ಒಂಬತ್ತು ಕಡೆ ಒಂಬತ್ತು ಕಲ್ಲು ಆರಿಸಿ, ದೂರಕ್ಕೆ ಕಾಣಲಿ ಅಂತ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ ಬಳಿದಳು. ಬಿಳಿ ಕೆಂಪು ಪಟ್ಟೆಯ ಕಲ್ಲೇ ಗುರುತು ಅಂತ ದಾರಿದಾರಿಯ ಛತ್ರಗಳಿಗೂ ಡಂಗುರ ಹೋಯಿತು.

ಇಲ್ಲಿ ನೋಡಿ, ನಮ್ಮವರು ಮಾತ್ರ ಮಾಡಬಹುದಾದ ಒಂದು ಕೆಲಸ ಆಯಿತು. ಸೋಮವಾರ ಸೌದೆಗೆ ಹೋದ ಹೆಂಗಸರಿಗೆ ಪಟ್ಟೆ ಬಳಿದ ಕಲ್ಲು ಕಂಡಿತು. ಸುಣ್ಣ ಕೆಮ್ಮಣ್ಣು ಬಳಿದಿದೆ ಅಂದಮೇಲೆ ಅದು ದೇವರಲ್ಲದೆ ಮತ್ತೇನು? ಕೈ ಮುಗಿದು ಅರಿಸಿನ ಹಚ್ಚಿದರು. ಮಂಗಳವಾರ ಮೇಲಿನ ಕೇರಿಯವರು, ಅವರ ದಾರಿಯಲ್ಲಿ ದೇವರಿದ್ದಾನೆ, ನಮ್ಮ ದಾರಿಯಲ್ಲಿ ಯಾಕಿಲ್ಲ ಅಂತ ತಾವೂ ಒಂದು ಕಲ್ಲಿಗೆ ಪಟ್ಟೆ ಬಳಿದರು. ಬುಧವಾರ ಕೆಳಗಿನ ಕೇರಿಯವರು ಎರಡು ಬಳಿದರು. ಸಣ್ಣೋಬಕ್ಕ ಅನ್ನುವವಳು ತನ್ನ ಕೆಂದೆತ್ತಿನ ಕೊರಳ ಗಂಟೆಯನ್ನೇ ಬಿಚ್ಚಿ ತಂದು ತನ್ನ ದೇವರ ಮುಂದೆ ಕಟ್ಟಿದಳು. ಓಟದ ಹಿಂದಿನ ದಿನ ಬೋರವ್ವ ಗುಡ್ಡ ಹತ್ತಿ ನೋಡಿದರೆ ಒಂಬತ್ತು ಕಲ್ಲಿದ್ದದ್ದು ನಲವತ್ತೊಂದಾಗಿತ್ತಂತೆ! ಒಂದು ಕಡೆ ಪೂಜಾರಿಯೂ ಹುಟ್ಟಿಕೊಂಡು ತೀರ್ಥ ಕೊಡುತ್ತಿದ್ದ.

ಎಲ್ಲವನ್ನೂ ತೊಳೆಸಿಬಿಡಿ ಅಂತ ಅಪ್ರಮೇಯಯ್ಯ ಕೂಗಾಡಿದ. ಅರಿಸಿನ ಕಂಡ ಕಲ್ಲನ್ನು ತೊಳೆಯಲು ಬಿಡುವವರು ಯಾರು? ಹೆಂಗಸರು ಒಬ್ಬೊಬ್ಬರು ಒಂದೊಂದು ದೇವರ ಮುಂದೆ ಕಾಲು ಚಾಚಿ ಕೂತರು. ಬೋರವ್ವನಿಗೆ ಮೊದಲು ಅಳು ಬಂತು, ಆಮೇಲೆ ನಗು ಬಂತು.

“ದೇವ್ರು ಇದ್ದಲ್ಲೇ ಇರ್ಲಿ ಬಿಡ್ರವ್ವಾ,” ಅಂದಳು. “ಒಂಬತ್ತು ಕರೇಕಂಬಳಿ ಕೊಡ್ರಿ. ಕಂಬಳಿಗೆ ಯಾರೂ ಕಾಯಿ ಒಡಿಯಲ್ಲ.”

ಒಂಬತ್ತು ಮನೆಯಿಂದ ಒಂಬತ್ತು ಕಂಬಳಿ ಬಂದವು. ಬಟ್ಟೆಯಲ್ಲಿ ಬರೆದ ಒಂಬತ್ತು ಜಾಗದಲ್ಲೂ ಕೋಲು ನೆಟ್ಟು, ಕಂಬಳಿ ತೂಗುಹಾಕಿ, ಕೆಳಗೆ ಅಚ್ಚು ಇಟ್ಟಳು. ಬಂದಿಳಿದಿದ್ದ ಹದಿನೇಳು ಓಟಗಾರರನ್ನೂ ಕರೆಸಿ, ಪಟ್ಟೆಕಲ್ಲು ನೋಡಬೇಡಿ, ಕಂಬಳಿ ನೋಡಿ ಅಂತ ಮೂರು ಮೂರು ಸಲ ಹೇಳಿದಳು. ಹದಿನೇಳು ಯಾಕೆ? ಕಡಲಸೀಮೆಯ ದೂಮ ಇನ್ನೂ ದಾರಿಯಲ್ಲಿದ್ದ.

ಬೆಳಗಾಯಿತು. ಒಬ್ಬನ ಬೆನ್ನು ಹಿಡಿದು ಇನ್ನೊಬ್ಬ ಓಡಬಾರದಲ್ಲ, ಅದಕ್ಕೆ ಬೋರವ್ವ ಒಂದು ಅಳತೆ ಇಟ್ಟಿದ್ದಳು. ಒಂದು ಎಲೆಯಡಿಕೆ ಹಾಕಿಕೊಂಡು, ಜಗಿದು, ಉಗಿಯುವಷ್ಟು ಹೊತ್ತು. ಅವಳು ಉಗಿದರೆ ಮುಂದಿನವನು ಕಲ್ಲಿಟ್ಟು ಓಡಬೇಕು. ಹೀಗೆ ಹದಿನೇಳು ಎಲೆಯಡಿಕೆ ಆಯಿತು. ಬಾಯಿ ಸುಣ್ಣದಲ್ಲಿ ಬೆಂದುಹೋಗಿತ್ತು. ಹದಿನೆಂಟನೆಯದನ್ನು ಬಾಯಿಗಿಟ್ಟು ಜಗಿಯುತ್ತಿದ್ದಾಗ ದೂಮ ಏದುಸಿರು ಬಿಡುತ್ತ ಬಂದ. ಘಟ್ಟ ಹತ್ತಿ ಹದಿಮೂರು ದಿನ ನಡೆದು ಬಂದವನು. ಕಲ್ಲಿಟ್ಟ. ಅವಳು ಬಟ್ಟೆ ಕೊಟ್ಟಳು. ಬಾಯಿ ತುಂಬ ರಸ, ಹೊತ್ತು ಬೇರೆ ಆಗಿತ್ತು, ಓಡು ಅಂತ ಕೈಸನ್ನೆ ಮಾಡಿದಳು. ಅವನು ಓಡಿದ.

ಮಧ್ಯಾಹ್ನದ ಹೊತ್ತಿಗೆ ಮೊದಲನೆಯವನು ಒಂಬತ್ತೂ ಅಚ್ಚು ಒತ್ತಿಕೊಂಡು ಬಂದು ಕಲ್ಲೆತ್ತಿದ. ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಹೊತ್ತು ಇಳಿಯುವ ಹೊತ್ತಿಗೆ ಹದಿನೇಳು ಕಲ್ಲು ಎದ್ದಿದ್ದವು, ಒಂದು ಉಳಿದಿತ್ತು. ಬೋರವ್ವ ಆ ಕಲ್ಲನ್ನೇ ನೋಡುತ್ತ ಕೂತಿದ್ದಳು. ಇದ್ದಕ್ಕಿದ್ದಂತೆ ಎದ್ದು ನಿಂತಳು. ಇವನಿಗೆ ಕಂಬಳಿಯ ಮಾತು ಹೇಳಿದೆನೇ? ಹೇಳಿರಲಿಲ್ಲ. ಅವನು ಪಟ್ಟೆಕಲ್ಲು ಹುಡುಕುತ್ತ ಒಂದು ದೇವರಿಂದ ಇನ್ನೊಂದು ದೇವರಿಗೆ, ಇನ್ನೊಂದರಿಂದ ಮತ್ತೊಂದಕ್ಕೆ ಅಲೆಯುತ್ತಿದ್ದಾನೆ. ಚಿತ್ತಯ್ಯನನ್ನು ಮರೆತವರನ್ನು ಇಷ್ಟು ವರ್ಷ ಶಪಿಸಿದವಳು ತಾನೇ ಒಬ್ಬನನ್ನು ಮರೆತಳಲ್ಲ!

ಅದೇ ಹೊತ್ತಿಗೆ ಅಪ್ರಮೇಯಯ್ಯ ಮಾಲೆ ಹಿಡಿದು ಬಂದ. ಮಾಲೆಗೆ ತಾನಿಟ್ಟ ಮುಹೂರ್ತ ಜಾರುತ್ತಿದೆ, ಒಬ್ಬನಿಗಾಗಿ ಹದಿನೆಂಟು ಸೀಮೆಯ ಜನ ಕಾಯಬೇಕೇ ಅಂದ. ಡೊಳ್ಳಿನವರು ಕೋಲು ಎತ್ತಿದ್ದರು.

“ಮಾಲೆ ಬಾಡಿದ್ರೆ ಬ್ಯಾರೆ ಕಟ್ಬೋದು ಸ್ವಾಮೀ,” ಅಂದಳಂತೆ ಬೋರವ್ವ. “ತಪ್ಪು ನಂದೇ. ನನ್ನ ತಲೆ ತಗೀರಿ, ಡೊಳ್ಳು ಮಾತ್ರ ಮುಟ್ಬ್ಯಾಡ್ರಿ. ಒಂದು ಗಳಿಗೆ ಎಲ್ರೂ ಬಾಯಿ ಮುಚ್ಚಿ ಕಿವಿ ಕೊಡ್ರಿ.”

ಅವಳ ಮುಖ ನೋಡಿ ಅಪ್ರಮೇಯಯ್ಯನಿಗೆ ಏನನ್ನಿಸಿತೋ, ತಾನೇ ಜನದ ಕಡೆ ತಿರುಗಿ ಕೈಯೆತ್ತಿದ. ಸಾವಿರಾರು ಜನ ಸುಮ್ಮನಾದರು. ಎತ್ತು ಮೆಲುಕು ಹಾಕುವುದೂ ಕೇಳುವಷ್ಟು ಸುಮ್ಮನಾದರಂತೆ. ಆಗ ಗುಡ್ಡದ ಆಚೆಯಿಂದ ಟಣ್ ಅಂತ ಒಂದು ಸಣ್ಣ ಸದ್ದು ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಣ್.

“ಅಯ್ಯೋ, ಇದು ನಮ್ಮ ಕೆಂದೆತ್ತಿನ ಗಂಟೆ ಕಣ್ರೋ!” ಅಂತ ಸಣ್ಣೋಬಕ್ಕ ಚೀರಿದಳು. “ಮೂಡ್ಲ ಕೊರಕಲಾಗೆ ಕಟ್ಟಿದ್ದೆ!”

ಬೋರವ್ವ ಓಡಿದಳು. ಆ ದಿನ ಅವಳು ಎರಡೆರಡು ಗುಂಡು ಒಂದೇ ನೆಗೆತಕ್ಕೆ ದಾಟಿದ್ದು ನಿಜ ಅಂತ ನಮ್ಮಜ್ಜಿಯೂ ಒಪ್ಪುತ್ತಿದ್ದಳು. ಗೆದ್ದವನೂ ಸೋತವರೂ ಅವಳ ಹಿಂದೆ ಓಡಿದರು. ಮೂಡಲ ಕೊರಕಲಿನಲ್ಲಿ, ಸಣ್ಣೋಬಕ್ಕನ ದೇವರ ಬುಡದಲ್ಲಿ ದೂಮ ಬಿದ್ದಿದ್ದ. ಪಾದ ತಿರುಚಿಹೋಗಿತ್ತು, ಕೂಗಲು ಗಂಟಲಲ್ಲಿ ಪಸೆಯಿರಲಿಲ್ಲ, ಕೈಗೆ ಗಂಟೆಯ ಹಗ್ಗ ಸುತ್ತಿಕೊಂಡಿದ್ದ. ಡೊಳ್ಳು ಬಾರಿಸಿದ್ದರೆ ಆ ಗಂಟೆಯ ಸದ್ದು ಅವನ ಕಿವಿಗೂ ಕೇಳುತ್ತಿರಲಿಲ್ಲ. ಬೋರವ್ವ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿ, ತಪ್ಪಾಯಿತು ತಮ್ಮಾ ಅಂತ ಅತ್ತಳಂತೆ. ಅವನು ಗುಟುಕು ಗುಟುಕಾಗಿ ನೀರು ಕುಡಿದು, ನಿಮ್ಮೂರಿನಲ್ಲಿ ಮನುಷ್ಯರಿಗಿಂತ ದೇವರೇ ಜಾಸ್ತಿ ಅಕ್ಕಾ ಅಂದನಂತೆ.

ಕಂಬಳಿಯಲ್ಲಿ ಹೊತ್ತು ತಂದರು. ಅವನ ಕಲ್ಲನ್ನು ಬೇರೆ ಯಾರೂ ಮುಟ್ಟಲಿಲ್ಲ, ಕಟ್ಟೆಯ ಹತ್ತಿರ ಇಳಿಸಿ ಅವನ ಕೈಯಿಂದಲೇ ಎತ್ತಿಸಿದರು. ಆಗ ಬಿತ್ತು ನೋಡಿ ಡೊಳ್ಳಿಗೆ ಏಟು! ಮುಹೂರ್ತ ಮೀರಿ ಎಷ್ಟೋ ಹೊತ್ತಾಗಿತ್ತು. ಅಪ್ರಮೇಯಯ್ಯ ಪಂಚಾಂಗವನ್ನು ಕಂಕುಳಲ್ಲಿಟ್ಟುಕೊಂಡು, ಕಣ್ಣೊರೆಸಿಕೊಳ್ಳುತ್ತ ಗೆದ್ದವನಿಗೆ ಮಾಲೆ ಹಾಕಿದನಂತೆ.

ಆಮೇಲೆ ಅದೇ ಪದ್ಧತಿಯಾಯಿತು. ನಾಡಿನ ಯಾವ ಗುಡ್ಡದಲ್ಲಿ ಓಟ ನಡೆದರೂ ಬೋರವ್ವ ಬರಬೇಕು, ಕುರಿ ಮೇಯಬೇಕು, ಕಲ್ಲು ಇಡಬೇಕು. ಎಷ್ಟೋ ವರ್ಷ ಹೀಗೆ ನಡೆಯಿತು, ಒಬ್ಬನೂ ಕಳೆಯಲಿಲ್ಲ. ಬೋರವ್ವನಿಗೆ ವಯಸ್ಸಾಯಿತು, ಕಣ್ಣು ಮಂಜಾಯಿತು. ಓಟ ತಿರುಗಿ ಸಾವಿರಗುಂಡಿಗೆ ಬಂದ ವರ್ಷ, ಕಂಬಳಿ ಕಟ್ಟಲು ನಾವು ಹೋಗುತ್ತೇವೆ ಬಿಡಮ್ಮ ಅಂತ ಜನ ಎಷ್ಟು ಹೇಳಿದರೂ ಕೇಳದೆ, ಎಲ್ಲರ ಹಾಗೆ ತಾನೂ ಕಟ್ಟೆಯ ಮೇಲೆ ಒಂದು ಕಲ್ಲಿಟ್ಟು ಗುಡ್ಡ ಹತ್ತಿದಳು. ತಿರುಗಿ ಬರಲಿಲ್ಲ. ಊರೇ ಹೋಗಿ ಸಂದಿ ಸಂದಿ ಹುಡುಕಿತು. ಒಂಬತ್ತು ಕಂಬಳಿಯೂ ಇರಬೇಕಾದಲ್ಲೇ ಇದ್ದವು. ಅವಳು ಮಾತ್ರ ಸಿಗಲಿಲ್ಲ. ತಮ್ಮನನ್ನು ಕರೆತರಲು ಹೋದಳು ಅನ್ನುತ್ತಾರೆ.

ಈಗಲೂ ಜಾಲಿಹಟ್ಟಿಯಲ್ಲಿ ಗುಡ್ಡಕ್ಕೆ ಹೋಗುವವರು, ಸೌದೆಗಾಗಲಿ ಕುರಿಗಾಗಲಿ, ಕಟ್ಟೆಯ ಮೇಲೆ ಕಲ್ಲಿಟ್ಟೇ ಹೋಗುವುದು, ಬಂದು ಎತ್ತಿಯೇ ಮನೆಗೆ ಹೋಗುವುದು. ಕಾರ್ತಿಕದ ಕೊನೆಗೆ ಕುರಿ ಮೇಯಿಸಿ, ಎಲೆಯಡಿಕೆ ಜಗಿದು, ಊರ ಹುಡುಗ ಹುಡುಗಿಯರು ಗುರುತಿನ ಓಟ ಓಡುತ್ತಾರೆ. ಎಲ್ಲರೂ ಬಂದು ತಮ್ಮ ತಮ್ಮ ಕಲ್ಲು ಎತ್ತಿದ ಮೇಲೂ ಕಟ್ಟೆಯ ತುದಿಯಲ್ಲಿ ಒಂದು ಕಲ್ಲು ಉಳಿದಿರುತ್ತದೆ. ಅದಕ್ಕೆ ಯಾರೂ ಸುಣ್ಣ ಬಳಿಯುವುದಿಲ್ಲ, ಅರಿಸಿನ ಹಚ್ಚುವುದಿಲ್ಲ, ಅದು ದೇವರಲ್ಲ. ಗೆದ್ದವರ ಮಾಲೆಯನ್ನು ಅದರ ಪಕ್ಕದಲ್ಲಿಟ್ಟು, ಎಲ್ಲರೂ ಒಂದು ಗಳಿಗೆ ಸುಮ್ಮನೆ ನಿಂತು ಗುಡ್ಡದ ಕಡೆ ಕಿವಿ ಕೊಡುತ್ತಾರೆ. ಆಮೇಲೆ ಊಟಕ್ಕೆ ಏಳುತ್ತಾರೆ, ಅವಳಿಗೂ ಒಂದು ಎಲೆ ಹಾಕಿ.

ಡೊಳ್ಳು ಮಾತ್ರ ಆ ದಿನ ಬಾರಿಸುವುದಿಲ್ಲ. ಯಾಕೆ ಅಂತ ಕೇಳಿ ನೋಡಿ, ಜಾಲಿಹಟ್ಟಿಯ ಸಣ್ಣ ಮಗುವೂ ಹೇಳುತ್ತದೆ, ಇನ್ನೂ ಒಬ್ಬರು ಬರುವುದಿದೆ ಅಂತ.