ಬೀಗ ಹಾಕಿದ ವರ್ಕ್‌ಶಾಪಿಗೆ ಪೂಜೆ

ಓದಿನ ಜೊತೆಗೆ ಕಸುಬನ್ನೂ ಕಲಿಸುವ ಹೊಸ ನೀತಿ ಅಂತ ಸರ್ಕಾರ ನಮ್ಮೂರಿನ ಕಾಲೇಜಿಗೆ ಯಂತ್ರ ರಿಪೇರಿಯ ಡಿಗ್ರಿ ಕೊಟ್ಟಿತು. ಯಂತ್ರ ಕೊಡಲಿಲ್ಲ. ವರ್ಕ್‌ಶಾಪ್ ಖಾಲಿ ಕೋಣೆಯಾಗಿಯೇ ಉಳಿಯಿತು.

ಆಯುಧಪೂಜೆಯ ರಜೆಯ ಹಿಂದಿನ ದಿನ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ಫೋನಿನಲ್ಲಿ ಗುಡುಗಿದರು: "ಮಧ್ಯಾಹ್ನ ಬರ್ತೀನಿ. ಯಂತ್ರ ಓಡದಿದ್ರೆ ಕೋರ್ಸೇ ಮುಚ್ಚಿಸ್ತೀನಿ!"

ಪ್ರಿನ್ಸಿಪಾಲರು ತಲೆಮೇಲೆ ಕೈಹೊತ್ತು ಕೂತರು. ಅಟೆಂಡರ್ ಮಾತ್ರ ಪೇಟೆಗೆ ಹೋಗಿ ಹೂವು, ಕುಂಬಳಕಾಯಿ, ಪುರಿ ತಂದ.

ಸಾಹೇಬರು ಬಂದಾಗ ವರ್ಕ್‌ಶಾಪಿಗೆ ಬೀಗ, ಬೀಗಕ್ಕೆ ಚೆಂಡುಹೂವಿನ ಹಾರ, ಹೊಸ್ತಿಲಲ್ಲಿ ಒಡೆದ ಕುಂಬಳಕಾಯಿ, ಪಕ್ಕದಲ್ಲಿ ಅಟೆಂಡರ್.

"ತೆಗೆಯಯ್ಯಾ ಬೀಗ!"

"ಪೂಜೆ ಆಗಿಹೋಯ್ತು ಸಾರ್. ಹಬ್ಬ ಮುಗಿಯೋವರೆಗೆ ಯಂತ್ರ ಮುಟ್ಟೋ ಹಾಗಿಲ್ಲ. ತಾವು ಹೇಳಿದ್ರೆ ತೆಗೀತೀನಿ, ಪಾಪ ಮಾತ್ರ ತಮ್ಮದು."

ಸಾಹೇಬರು ಸರಕ್ಕನೆ ಹಿಂದೆ ಸರಿದು ಶೂ ಬಿಚ್ಚಿದರು. "ಯಂತ್ರಗಳೆಲ್ಲ ಸರಿಯಾಗಿವೆಯಾ?"

"ತಾವು ಕಳಿಸಿದ್ದರಲ್ಲಿ ಒಂದೂ ಕೆಟ್ಟಿಲ್ಲ ಸಾರ್."

ಸಾಹೇಬರು ಬಾಗಿಲಿಗೆ ಕೈಮುಗಿದು, ಪುರಿ ಪ್ರಸಾದ ತಿಂದು ಹೊರಟರು. ಕೋರ್ಸ್ ಉಳಿಯಿತು.

ತಿಂಗಳಾದ ಮೇಲೆ ಆದೇಶ ಬಂತು: ಯಂತ್ರಗಳು ಸುಸ್ಥಿತಿಯಲ್ಲಿರುವುದರಿಂದ ಹೊಸದನ್ನು ಕೊಡಲಾಗದು.

"ಹಾಗಾದ್ರೆ ನಾವು ಕಲಿಯೋದೇನಣ್ಣಾ?" ಅಂತ ಹುಡುಗರು ಅಟೆಂಡರನ್ನು ಕೇಳಿದರು.

ಒಣಗಿದ ಹಾರ ಕಿತ್ತುಹಾಕುತ್ತಾ ಅವನೆಂದ: "ಪೂಜೆ ಮಾಡೋದು ಕಲೀರಪ್ಪ. ಮುಂದಿನ ವರ್ಷವೂ ಸಾಹೇಬರು ಬರ್ತಾರೆ."