ಗ್ರೈಂಡರಿನ ಮೇಲೆ ಗುಮಾನಿ

೧೯೮೪ರ ಜನವರಿ ಹತ್ತು. ಬೆಳಿಗ್ಗೆಯಿಂದ ಹಿಮ ಬೀಳುತ್ತಿತ್ತು. ಪರದೇಶದ ನಮ್ಮ ರಾಯಭಾರ ಕಚೇರಿಯಲ್ಲಿ ಯಾರೋ ಮಾತು ಕದ್ದು ಕೇಳುತ್ತಿದ್ದಾರೆಂದು ಭದ್ರತಾ ಅಧಿಕಾರಿ ಮುದ್ದಪ್ಪನವರಿಗೆ ಗುಮಾನಿ. ಸದ್ದು ಹೊರಹೋಗದ ಕೋಣೆ ಕಟ್ಟಿಸಲು ದೆಹಲಿಗೆ ಬರೆದು ಲಕ್ಷಗಟ್ಟಲೆ ಹಣ ಕೇಳಿದ್ದರು. ದೀಪ, ಕುರ್ಚಿ ಎಲ್ಲ ಬಿಚ್ಚಿಸಿ ಅಡುಗೆಮನೆಗೆ ಬಂದರು.

"ಈ ಗ್ರೈಂಡರಿನ ಕಲ್ಲೊಳಗೆ ಮೈಕು ಇದ್ದರೂ ಇರಬಹುದು. ಒಡೆಸುತ್ತೇನೆ."

ಅಡುಗೆಯ ಭಾಗೀರಥಮ್ಮ ಅದನ್ನು ಊರಿಂದ ಹೊತ್ತು ತಂದಿದ್ದರು. ಗುಂಡಿ ಒತ್ತಿದರು. ಕಲ್ಲು ಗಡಗಡ ತಿರುಗಿತು. ಅವರು ಏನೋ ಹೇಳಿದರು.

"ಏನಂದ್ರಿ?" ಮುದ್ದಪ್ಪ ಕಿವಿ ಮುಂದೆ ಮಾಡಿದರು.

ಭಾಗೀರಥಮ್ಮ ಗ್ರೈಂಡರು ನಿಲ್ಲಿಸಿದರು. "ಪಕ್ಕದಲ್ಲಿರೋ ನಿಮಗೇ ಕೇಳಲಿಲ್ಲ ಸಾರ್. ಕದ್ದು ಕೇಳೋರಿಗೆ ಕೇಳುತ್ಯೇ?"

ಅಂದಿನಿಂದ ಗುಟ್ಟಿನ ಸಭೆಗಳೆಲ್ಲ ಗ್ರೈಂಡರಿನ ಪಕ್ಕದಲ್ಲೇ, ಕಿವಿಗೆ ಬಾಯಿಟ್ಟು. ಸಭೆಯಾದ ಮರುದಿನ ಎಲ್ಲರಿಗೂ ದೋಸೆ. ಮುದ್ದಪ್ಪ ಮಾತ್ರ ಮಗುಚಿ ನೋಡಿಯೇ ತಿನ್ನುತ್ತಿದ್ದರು.

ಕೋಣೆ ಕಟ್ಟಲಿಲ್ಲ. ಕೊನೆಗೆ ಸರ್ಕಾರ ತೆತ್ತದ್ದು ಅಕ್ಕಿ, ಉದ್ದಿನಬೇಳೆಯ ದುಡ್ಡು.